ಯೆರ್ಕೊ ಮೇಸ್ತ್ರಿಯ ಎಡಗೈ ಹೆಬ್ಬೆರಳು

ನನ್ನ ಸುತ್ತಿಗೆ ಗುರಿ ತಪ್ಪುತ್ತದೆ ಎಂಬುದು ಬ್ರಾಚ್ ದ್ವೀಪದ ನಮ್ಮ ಊರಿನಲ್ಲಿ ಸರ್ವರಿಗೂ ತಿಳಿದ ವಿಷಯ. ಪಾದ್ರಿಗೆ ಗೊತ್ತು, ಹಡಗುಕಟ್ಟೆಯಲ್ಲಿ ಟಿಕೆಟ್ ಹರಿಯುವವನಿಗೆ ಗೊತ್ತು, ನನ್ನ ತಾಯಿಗಂತೂ ನಾನು ಹುಟ್ಟಿದಾಗಿನಿಂದ ಗೊತ್ತು. ನಾಲ್ಕು ಬೇಸಿಗೆ ಪ್ರವಾಸಿಗರ ಹೋಟೆಲಿನಲ್ಲಿ ತಟ್ಟೆ ಒಡೆದೆ. ಕಲ್ಲನ್ನಾದರೆ ಒಡೆದರೂ ಯಾರೂ ಬಯ್ಯಲಾರರು ಎಂದು ಲೆಕ್ಕ ಹಾಕಿ ಇಪ್ಪತ್ತೈದನೆಯ ವಯಸ್ಸಿಗೆ ಕಲ್ಲುಕುಟಿಗರ ಶೆಡ್ಡಿಗೆ ಕೂಲಿಗೆ ಸೇರಿದೆ. ಅಲ್ಲೂ ಬಯ್ಯುತ್ತಾರೆ ಎಂದು ಮೊದಲ ದಿನ ಹತ್ತು ಗಂಟೆಯೊಳಗೇ ತಿಳಿಯಿತು.

ಬಯ್ಯದೆ ಇದ್ದವರು ಯೆರ್ಕೊ ಮೇಸ್ತ್ರಿ ಒಬ್ಬರೇ. ಹೇಳಬೇಕಾಗಿರುವುದು ಅವರ ವಿಷಯ.

ಅವರು ಹುಟ್ಟಿದ್ದು ಬಂದರಿನ ಮೇಲಿನ ಮೆಟ್ಟಿಲು ಬೀದಿಯಲ್ಲಿ, ಬೆಳೆದದ್ದು ಕಲ್ಲುಗಣಿಯ ಬಿಳಿ ಧೂಳಿನಲ್ಲಿ. ಹದಿನೈದಕ್ಕೆ ಉಳಿ ಹಿಡಿದರು. ಇಪ್ಪತ್ತರ ಸುಮಾರಿಗೆ ಜರ್ಮನಿಗೆ ಹೋಗಿ ಎರಡು ವರ್ಷ ದುಡಿದು, "ಅಲ್ಲಿನ ಕಲ್ಲು ನೆನೆದ ಬ್ರೆಡ್ಡು" ಎಂದು ಬಯ್ದುಕೊಂಡು ವಾಪಸು ಬಂದವರು ಮತ್ತೆ ದ್ವೀಪ ಬಿಟ್ಟು ಕದಲಲಿಲ್ಲ. ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ಪೆರಿನಾ ಎಂಬುವರನ್ನು ಮದುವೆಯಾದದ್ದು ಮೂವತ್ತೆಂಟಕ್ಕೆ. ಮಕ್ಕಳಾಗಲಿಲ್ಲ. ಭಾನುವಾರ ಚರ್ಚಿನಲ್ಲಿ ಮಂದ್ರದ ದನಿಯಲ್ಲಿ ಹಾಡುತ್ತಿದ್ದರು. ಉಳಿದ ಆರು ದಿನ ಹೆಚ್ಚು ಮಾತಿಲ್ಲ. ಹೊಸ ಬಂಡೆ ಬಂದರೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಇಟ್ಟು ಕೇಳುತ್ತಿದ್ದರು. ಒಳಗೆ ಬಿರುಕಿದ್ದರೆ "ಇದು ಕೆಮ್ಮುತ್ತೆ, ಬೇಡ" ಎಂದು ಪಕ್ಕಕ್ಕೆ ತಳ್ಳಿಸುತ್ತಿದ್ದರು. ಯಂತ್ರ ತಂದು ಪರೀಕ್ಷಿಸಿದರೂ ಅವರು ಹೇಳಿದ್ದು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಕಲ್ಲಿನ ಕೆಮ್ಮು ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದ ಮನುಷ್ಯ ತನ್ನ ಮೈಯ ಮಾತಿಗೆ ಮಾತ್ರ ಕಿವುಡಾಗಿದ್ದರು. ಹಲ್ಲು ನೋವಾದರೆ ಆ ಕಡೆ ಅಗಿಯುವುದನ್ನು ಬಿಡುತ್ತಿದ್ದರು, ಅಷ್ಟೇ ಚಿಕಿತ್ಸೆ.

ನಮ್ಮ ಶೆಡ್ಡಿನಲ್ಲಿ ಒಂದು ಹಳೆಯ ಪದ್ಧತಿಯಿದೆ. ಯಾರದಾದರೂ ಉಗುರಿಗೆ ಏಟು ಬಿದ್ದು ರಕ್ತ ಕಟ್ಟಿ ಕಪ್ಪಾದರೆ, ಆ ಕಪ್ಪಿನ ಬುಡದಂಚಿನಲ್ಲಿ ಸಣ್ಣ ಅರದಿಂದ ಉಗುರಿಗೆ ಅಡ್ಡಲಾಗಿ ಒಂದು ಗೀರು ಎಳೆಯುತ್ತಾರೆ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ತಾರೀಕು, ಏಟು ತಿಂದವನ ಹೆಸರು, ಕೊಟ್ಟವನ ಹೆಸರು. ಉಗುರು ಬೆಳೆದಂತೆ ಕಪ್ಪೂ ಗೀರೂ ಜೊತೆಯಾಗಿ ತುದಿಯತ್ತ ನಡೆಯುತ್ತವೆ. ಹೆಬ್ಬೆರಳಾದರೆ ಐದಾರು ತಿಂಗಳ ನಡಿಗೆ. ಕೊನೆಯ ಚೂರು ಕತ್ತರಿಗೆ ಸಿಗುವುದು ಯಾವ ದಿನ ಎಂದು ಎಲ್ಲರೂ ಪಂಥ ಕಟ್ಟುತ್ತಾರೆ. ಏಟು ಕೊಟ್ಟವನು ಏಟು ಬಿದ್ದ ವಾರದ ಶನಿವಾರವೇ ಎಲ್ಲರಿಗೂ ವೈನ್ ಕೊಡಿಸಬೇಕು. ತಿಂದವನು ಕುಡಿದರೆ ಸಾಕು. ಈ ನ್ಯಾಯಾಲಯದ ಕಾಯಂ ನ್ಯಾಯಾಧೀಶ ಬಾರ್ಬಾ ಶಿಮೆ. ಹಿರಿಯ ಗಂಡಸರನ್ನು ಇಲ್ಲಿ ಬಾರ್ಬಾ ಎನ್ನುತ್ತೇವೆ. ಶಿಮೆಯ ಮಟ್ಟಿಗೆ ಅದು ಗೌರವಕ್ಕಿಂತ ಹೆಚ್ಚಾಗಿ ಮುಂಜಾಗ್ರತೆ.

ನಾನು ಸೇರಿ ಐದು ತಿಂಗಳಾಗಿತ್ತು. ಮಾರ್ಚಿನ ಒಂದು ಬೆಳಿಗ್ಗೆ ಹೊಸಿಲ ಕಲ್ಲಿಗೆಂದು ಬಂಡೆ ಸೀಳುತ್ತಿದ್ದೆವು. ಅದು ಇಬ್ಬರ ಕೆಲಸ. ಮೇಸ್ತ್ರಿ ಎಡಗೈಯಲ್ಲಿ ದಪ್ಪ ಉಳಿ ಹಿಡಿದು ಕೂತಿದ್ದರು, ನಾನು ಸುತ್ತಿಗೆ ಎತ್ತಿ ಹೊಡೆಯುತ್ತಿದ್ದೆ. ಸುತ್ತಿಗೆ ಉಳಿಯ ತಲೆಯಿಂದ ಜಾರಿ ಅವರ ಹೆಬ್ಬೆರಳನ್ನು ಸವರಿಕೊಂಡು ಹೋಯಿತು.

"ಸವರಿತು ಅಷ್ಟೇ," ಎಂದರು ಮೇಸ್ತ್ರಿ, ಕೈ ಕೊಡವಿ. "ಹೊಡಿ ನೀನು."

ಕೈ ತೊಳೆಯುವ ಹೊತ್ತಿಗೆ ಶಿಮೆ ಅವರ ಹೆಬ್ಬೆರಳನ್ನು ಹಿಡಿದು ಬೆಳಕಿಗೆ ಎತ್ತಿದ. ಉಗುರಿನ ಬುಡದಿಂದ ತುದಿಯವರೆಗೆ ಬೆಂಕಿಕಡ್ಡಿಯಗಲದ ಕಪ್ಪು ಪಟ್ಟೆ.

"ನೋಡ್ರೋ, ಡಿನ್ಕೊ ರುಜು ಹಾಕ್ಬಿಟ್ಟ," ಎಂದ ಶಿಮೆ. "ಇಷ್ಟು ದಿನಕ್ಕೆ ಒಂದು ಕೆಲ್ಸ ನೆಟ್ಟಗೆ ಮಾಡಿದಾನೆ, ಗೆರೆ ನೇರ ಇದೆ."

ಡಿನ್ಕೊ ಎಂದರೆ ನಾನು. ಗೀರು ಎಳೆದರು, ಗೋಡೆಗೆ ಬರೆದರು, ನಾನು ವೈನ್ ಕೊಡಿಸಿದೆ. ಬೇರೆಯವರು ನಗುವ ಮೊದಲೇ ನಾನು ನಕ್ಕುಬಿಟ್ಟರೆ ಪೆಟ್ಟು ಅರ್ಧಕ್ಕೆ ಇಳಿಯುತ್ತದೆ ಎಂಬ ಉಪಾಯ ಹೋಟೆಲಿನಲ್ಲೇ ಕಲಿತಿದ್ದೆ. ಆ ಶನಿವಾರ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಜೂನ್ ತಿಂಗಳಿನ ಹೊತ್ತಿಗೆ ಅರದ ಗೀರು ಉಗುರಿನ ನಡುಭಾಗಕ್ಕೆ ಬಂದಿತ್ತು. ಅದರ ಹಿಂದೆ, ಬುಡದ ಕಡೆ, ಗುಲಾಬಿ ಬಣ್ಣದ ಹೊಸ ಉಗುರು ಕಾಣಬೇಕಿತ್ತು. ಕಾಣಲಿಲ್ಲ. ಗೀರು ತಾನೊಬ್ಬನೇ ನಡೆದುಬಂದಿತ್ತು; ಕಪ್ಪು ಬುಡದಲ್ಲೇ ಕೂತಿತ್ತು.

ಈಗ ಬರೆಯುವಾಗ ಇದು ಸ್ಪಷ್ಟವಾಗಿದೆ. ಆಗ ನಾವು ಏಳು ಜನ ಸುತ್ತ ನಿಂತು ಅದನ್ನೇ ನೋಡಿದೆವು. ಕಲ್ಲುಕುಟಿಗರಿಗೆ ಕಪ್ಪು ಉಗುರೆಂದರೆ ಏಟು, ಮತ್ತೊಮ್ಮೆ ಕಪ್ಪೆಂದರೆ ಮತ್ತೊಂದು ಏಟು. ಅದಕ್ಕೆ ಮೂರನೆಯ ಅರ್ಥ ನಮ್ಮ ಕಸುಬಿನಲ್ಲೇ ಇರಲಿಲ್ಲ.

ಶಿಮೆ ಅದನ್ನು ಎಲ್ಲರಿಗೂ ತೋರಿಸಿದ ಸೋಮವಾರ ನಾನು ತುಸು ತಡವಾಗಿ ಬಂದಿದ್ದೆ. ಬರುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು.

"ಮತ್ತೆ ಹೊಡ್ದಿದೀಯ," ಎಂದ ಶಿಮೆ. "ಅದೇ ಜಾಗಕ್ಕೆ. ಗುರಿ ಸುಧಾರಿಸ್ತಾ ಇದೆ."

"ಯಾವಾಗ ಬಾರ್ಬಾ?"

"ಹೋದ ವಾರ. ಗೋಡೇಲಿ ಬರ್ದಿದೀನಿ, ಓದ್ಕೊ. ವೈನ್ ಮಾತ್ರ ಹೋದ್ಸಲದ್ದಕ್ಕಿಂತ ಒಳ್ಳೇದು ತಾ."

ನಾನು ಓದಿಕೊಳ್ಳಲಿಲ್ಲ. ಹೊಡೆದ ನೆನಪಿರಲಿಲ್ಲ, ನಿಜ. ಆದರೆ ನನಗೆ ನೆನಪೇ ಇಲ್ಲದ ಎಷ್ಟೋ ತಪ್ಪುಗಳಿಗೆ ಊರಿನಲ್ಲಿ ಸಾಕ್ಷಿಗಳಿದ್ದಾರೆ. "ಸದ್ಯ, ಬೇರೆ ಬೆರಳು ಹಾಳು ಮಾಡ್ಲಿಲ್ವಲ್ಲ," ಎಂದೆ. ಎಲ್ಲರೂ ನಕ್ಕರು. ಮೇಸ್ತ್ರಿ ಬೆನ್ನು ತಟ್ಟಿದರು. "ನೋವೇ ಇಲ್ಲ ಕಣೋ, ಬಿಡು," ಎಂದರು. ನೋವಿಲ್ಲ ಎಂಬುದನ್ನು ಅವರು ಒಳ್ಳೆಯ ಸುದ್ದಿಯಂತೆ ಹೇಳುತ್ತಿದ್ದರು, ನಾನೂ ಹಾಗೇ ಕೇಳಿಸಿಕೊಂಡೆ.

ಅಕ್ಟೋಬರಿನಲ್ಲಿ ಮೂರನೆಯ ಸಲ. ಆ ವೇಳೆಗೆ ಪಟ್ಟೆ ಅರ್ಧ ಉಗುರಿನಷ್ಟು ಅಗಲವಾಗಿತ್ತು. ಅಂಚು ಕಲಸಿಹೋಗಿ ಒಂದು ಕಡೆ ಕಂದು, ಒಂದು ಕಡೆ ಕಪ್ಪು. ಉಗುರು ಉದ್ದಕ್ಕೂ ಸೀಳಿತ್ತು. ಬುಡದ ಚರ್ಮದ ಮೇಲೆ ಪೆನ್ಸಿಲ್ ಪುಡಿ ಒರೆಸಿದಂಥ ಮಸಿ. ಯಂತ್ರದ ಎಣ್ಣೆಯಿರಬೇಕೆಂದು ಮೇಸ್ತ್ರಿ ಪೆಟ್ರೋಲ್ ಹಚ್ಚಿ ಉಜ್ಜಿದರು. ಹೋಗಲಿಲ್ಲ. ಗೋಡೆಯ ಮೇಲೆ ನನ್ನ ಹೆಸರು ಮತ್ತೊಮ್ಮೆ ಬಂತು. ಮೂರನೆಯ ವೈನಿಗೆ ಶಿಮೆ ಒಂದು ಹಾಡು ಕಟ್ಟಿದ್ದ. ಅದರಲ್ಲಿ ನಾನು ಬೆಳಿಗ್ಗೆ ಎದ್ದು ಬಂಡೆ ಎಂದುಕೊಂಡು ಪಾದ್ರಿಯ ತಲೆಗೆ ಹೊಡೆಯುತ್ತೇನೆ. ಮೇಸ್ತ್ರಿ ಅದಕ್ಕೆ ಮಂದ್ರದಲ್ಲಿ ದನಿ ಸೇರಿಸಿದರು.

ನವೆಂಬರಿನಲ್ಲಿ ಬೆಟ್ಟದ ಕಡೆಯಿಂದ ಬುರಾ ಗಾಳಿ ಎದ್ದಿತು. ಆ ಗಾಳಿಯಲ್ಲಿ ಕನ್ನಡಕ ಹಾಕದೆ ಕೆಲಸ ಮಾಡುವ ಮೂರ್ಖ ಶೆಡ್ಡಿಗೆ ಒಬ್ಬನೇ. ಕಣ್ಣಿನಲ್ಲಿ ಕಲ್ಲಿನ ಚೂರು ಸಿಕ್ಕಿ ಕುರುಡು ಬೆಕ್ಕಿನಂತೆ ತಿರುಗುತ್ತಿದ್ದ ನನ್ನನ್ನು ಮೇಸ್ತ್ರಿಯೇ ತೋಳು ಹಿಡಿದು ಕರೆದೊಯ್ದರು. ಮಂಗಳವಾರ ಮತ್ತು ಶುಕ್ರವಾರ ಡಾಕ್ಟರ್ ನೆವೆಂಕಾ ನಮ್ಮೂರಿಗೆ ಬರುತ್ತಾರೆ.

"ತಲೆ ಗಟ್ಟಿಯಾಗಿ ಹಿಡ್ಕೊಳ್ಳಿ ಯೆರ್ಕೊ," ಎಂದರು ಡಾಕ್ಟರು. "ಇವ್ನು ಮೀನಿನ ಥರ ಒದ್ದಾಡ್ತಾನೆ."

ಮೇಸ್ತ್ರಿ ಎಡಗೈಯಿಂದ ನನ್ನ ಹಣೆ ಒತ್ತಿ ಹಿಡಿದರು. ಡಾಕ್ಟರು ದೀಪ ಹತ್ತಿರ ತಂದು ಚೂರು ತೆಗೆದರು. ತೆಗೆದ ಮೇಲೂ ದೀಪ ಆರಲಿಲ್ಲ. ಅದು ನನ್ನ ಕಣ್ಣಿನಿಂದ ಎರಡು ಬೆರಳು ಮೇಲಕ್ಕೆ ಸರಿದು ನಿಂತಿತು.

"ಇದೇನು?"

"ಇವನ ಕೆಲ್ಸ," ಎಂದರು ಮೇಸ್ತ್ರಿ. "ಎರಡು ಕಣ್ಣಿದ್ದಾಗ್ಲೇ ಹೀಗೆ ಹೊಡೀತಾನೆ. ಇನ್ಮೇಲೆ ಒಂದೇ ಕಣ್ಣು, ನನ್ನ ಗತಿ ಏನೋ."

"ಯಾವಾಗ ಹೊಡ್ದಿದ್ದು?"

"ಯಾವ್ದು ಹೇಳ್ಲಿ? ಮೂರು ಸಲ ಆಗಿದೆ."

"ಎರಡೂ ಕೈ ಇಲ್ಲಿಡಿ."

ಹತ್ತು ಬೆರಳನ್ನೂ ಒಂದೊಂದಾಗಿ ನೋಡಿದರು. ಗಾಯದ ಗುರುತುಗಳು ಬೇಕಾದಷ್ಟಿದ್ದವು. ಕಪ್ಪು ಪಟ್ಟೆ ಒಂದೇ ಬೆರಳಿಗೆ. ಆಮೇಲೆ ಪೆನ್ನಿನ ತುದಿಯಿಂದ ಬುಡದ ಮಸಿಯ ಸುತ್ತ ಮುಟ್ಟದೆ ಒಂದು ಸುತ್ತು ತೋರಿಸಿದರು.

"ರಕ್ತ ಕಟ್ಟಿದ್ರೆ ಉಗುರಿನ ಜೊತೆ ಮುಂದಕ್ಕೆ ಹೋಗ್ಬೇಕು. ಇದು ಹೋಗಿಲ್ಲ. ಬುಡದಿಂದ್ಲೇ ಹೊಸದಾಗಿ ಬರ್ತಾ ಇದೆ, ಬರ್ತಾ ಬರ್ತಾ ಅಗಲ ಆಗ್ತಿದೆ. ಈಗ ಉಗುರು ದಾಟಿ ಚರ್ಮಕ್ಕೂ ಇಳಿದಿದೆ. ನಂಗೆ ಹೆದ್ರಿಕೆ ಆಗ್ತಿರೋದು ಅದನ್ನ ನೋಡಿ."

"ಎಣ್ಣೆ ಇರ್ಬೇಕು."

"ಎಣ್ಣೆ ಅಲ್ಲ ಯೆರ್ಕೊ. ಚರ್ಮದ ಕ್ಯಾನ್ಸರ್ ಇರ್ಬಹುದು. ಇಲ್ದೇನೂ ಇರ್ಬಹುದು. ಒಂದು ಚೂರು ತೆಗೆದು ಪರೀಕ್ಷೆ ಮಾಡಿದ್ರೇನೇ ಗೊತ್ತಾಗೋದು. ಈ ವಾರವೇ ಸ್ಪ್ಲಿಟ್ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗಿ, ಚೀಟಿ ಬರ್ಕೊಡ್ತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಮೂರು ಸಲ ನೀನು ಹೊಡ್ದಿದ್ದು ನಿಜವಾ?"

"ಎಲ್ಲರೂ ಹಾಗಂತಾರೆ."

"ಎಲ್ಲರನ್ನ ಕೇಳ್ತಿಲ್ಲ. ನಿನ್ನ ಕೇಳ್ತಿದೀನಿ."

ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದೆ. ಮೇಸ್ತ್ರಿ ನಗುತ್ತ ನನ್ನನ್ನೇ ನೋಡುತ್ತಿದ್ದರು, ನಾನು ಏನಾದರೂ ತಮಾಷೆ ಹೇಳಲಿ ಎಂಬಂತೆ.

"ಇರ್ಬಹುದು ಡಾಕ್ಟ್ರೇ," ಎಂದೆ. "ನನ್ನ ಕೈಯೇ ಹಾಗೆ."

ನನ್ನ ಜೀವನದಲ್ಲಿ ಬಹಳ ಪೆದ್ದು ಮಾತುಗಳನ್ನಾಡಿದ್ದೇನೆ. ವಾಪಸು ತೆಗೆದುಕೊಳ್ಳಬೇಕು ಎನಿಸುವುದು ಇದೊಂದನ್ನೇ.

ಮೇಸ್ತ್ರಿ ಚೀಟಿಯನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡರು. ಇಳಿಜಾರಿನಲ್ಲಿ ಬರುತ್ತ ಹೇಳಿದರು, "ಒಳ್ಳೆ ಡಾಕ್ಟ್ರು. ಆದ್ರೆ ಅವ್ರು ದಿನಾ ನೋಡೋದು ಪ್ರವಾಸಿಗರ ಉಗುರು. ಹೋಟೆಲಿನವರ ಮೆಟ್ಟಿಲ ಕೈಪಿಡಿಯ ಕಂಬ ಮುಗೀಲಿ, ಕ್ರಿಸ್‌ಮಸ್ ಕಳೆದ ಮೇಲೆ ಹೋಗಿ ಬರ್ತೀನಿ." ಹದಿನೆಂಟು ಕಂಬಗಳ ಕೆಲಸ ಅದು, ಇನ್ನೂ ಏಳು ಬಾಕಿಯಿತ್ತು. "ಹೊಡ್ದಿದೀನಿ ಅಂತ ನೀನೇ ಒಪ್ಕೊಂಡ್ಯಲ್ಲ. ಮತ್ತೇನು."

ಅವರಿಗೆ ಆಸರೆಯಾಗಿದ್ದದ್ದು ನನ್ನ ಆ ಮಾತು. ಎರಡು ವಾರ ಹಾಗೇ ಕಳೆಯಿತು. ಚೀಟಿ ಬೆವರಿಗೆ ಮೆತ್ತಗಾಗುತ್ತಿತ್ತು.

ಒಕ್ಕಣ್ಣನ ಕೈಗೆ ಸುತ್ತಿಗೆ ಕೊಡುವ ಧೈರ್ಯ ಯಾರಿಗೂ ಇರಲಿಲ್ಲವಾಗಿ ನನಗೆ ಪೊರಕೆ ಕೊಟ್ಟಿದ್ದರು. ಗೋಡೆಯ ಬದಿಯ ಧೂಳು ತೆಗೆಯುವಾಗ ಮೊದಲ ಬಾರಿಗೆ ನನ್ನ ಅಪರಾಧಗಳ ಪಟ್ಟಿಯನ್ನು ಸಾವಕಾಶವಾಗಿ ಓದಿದೆ. ಎರಡನೆಯ ಸಾಲಿನಲ್ಲಿ ಶಿಮೆಯ ದುಂಡಗಿನ ಅಕ್ಷರ: ಶುಕ್ರವಾರ, ಜೂನ್ ಹದಿನಾಲ್ಕು, ಯೆರ್ಕೊ, ಡಿನ್ಕೊ.

ಜೂನ್ ಹದಿನೈದು ನನ್ನ ತಂಗಿಯ ಮದುವೆ. ಜಾದರ್ ಪಟ್ಟಣದಲ್ಲಿ. ನಾನು ಗುರುವಾರ ಬೆಳಗಿನ ಹಡಗಿಗೇ ದ್ವೀಪ ಬಿಟ್ಟಿದ್ದೆ.

ನಾನು ಇಲ್ಲದ ದಿನ ನಾನು ಹೊಡೆದ ಏಟಿಗೆ ನಾನು ವೈನ್ ಕೊಡಿಸಿದ್ದೆ. ಒಳ್ಳೆಯ ವೈನೇ ಕೊಡಿಸಿದ್ದೆ.

ಹತ್ತು ಗಂಟೆಯ ಬುತ್ತಿಗೆ ಎಲ್ಲರೂ ಕೂತರು. ಬ್ರೆಡ್ಡು, ಉಪ್ಪು ಹಾಕಿದ ಮೀನು, ನೀರು ಬೆರೆಸಿದ ವೈನ್. ನಾನು ಕೂರಲಿಲ್ಲ.

"ಮೇಸ್ತ್ರಿ, ಜೂನಿನದ್ದು ನಾನು ಹೊಡ್ದಿದ್ದಲ್ಲ."

"ಐದು ತಿಂಗಳಾದ್ಮೇಲೆ ಮೇಲ್ಮನವಿ," ಎಂದ ಶಿಮೆ. "ಕುಡ್ದಿರೋ ವೈನ್ ವಾಪಸ್ ಕೊಡಕ್ಕಾಗಲ್ಲ ಮಗಾ. ಕೊಟ್ರೂ ನಿಂಗೆ ಬೇಡವಾಗುತ್ತೆ."

"ನಾನು ಊರಲ್ಲೇ ಇರ್ಲಿಲ್ಲ ಬಾರ್ಬಾ." ಮೊಬೈಲ್ ತೆಗೆದು ಮುಂದೆ ಹಿಡಿದೆ. ಹಡಗಿನ ಮೇಲೆ ಬಾಡಿಗೆ ಕೋಟು ಹಾಕಿಕೊಂಡ ನಾನು, ಕೆಳಗೆ ತಾರೀಕು.

ಶಿಮೆ ಫೋಟೋ ನೋಡಿದ, ಗೋಡೆ ನೋಡಿದ. "ಮತ್ಯಾಕೋ ವೈನ್ ಕೊಡಿಸ್ದೆ?"

"ನೀವು ಹೊಡ್ದೆ ಅಂದ್ರಿ."

ಯಾರೂ ನಗಲಿಲ್ಲ. ಮೇಸ್ತ್ರಿ ಬ್ರೆಡ್ಡನ್ನು ಮೊಣಕಾಲ ಮೇಲಿಟ್ಟರು. "ಆ ಶುಕ್ರವಾರ ಬಂಡೆ ಮುಟ್ಟೇ ಇಲ್ಲ ನಾವು," ಎಂದರು ನಿಧಾನವಾಗಿ. "ಹೊಡಿಯೋನು ಇರ್ಲಿಲ್ಲ. ನಾನು ಇಡೀ ದಿನ ಅಕ್ಷರ ಕೆತ್ತುತ್ತಾ ಇದ್ದೆ. ಅಕ್ಟೋಬರಿಂದು?"

"ಅದೂ ಗೊತ್ತಿಲ್ಲ. ನಂಗೆ ಗೊತ್ತಿರೋದು ಮಾರ್ಚಿಂದು ಒಂದೇ. ಅದೂ ಸವರಿದ್ದು. ಡಾಕ್ಟ್ರ ಹತ್ರ ಸುಳ್ಳು ಹೇಳ್ದೆ ಮೇಸ್ತ್ರಿ. ಸುಳ್ಳು ಅಂತಲೂ ಅಲ್ಲ. ಅಭ್ಯಾಸ."

ಅವರು ಹೆಬ್ಬೆರಳನ್ನು ಕಣ್ಣ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಬಂದ ಬಂಡೆಯನ್ನು ವಾಪಸು ಕಳಿಸುವಾಗಿನ ಅದೇ ಸಪ್ಪೆ ದನಿಯಲ್ಲಿ, "ಹಾಗಾದ್ರೆ ಒಳಗಿಂದ ಬರ್ತಿದೆ," ಎಂದರು.

ಮಾರನೆಯ ಬೆಳಿಗ್ಗೆ ಹಡಗು ಹತ್ತಿದರು. ಜೊತೆಗೆ ನಾನೂ ಹೋದೆ. ಒಂದು ಚೂರು ತೆಗೆದರು, ಕಾಯಲು ಹೇಳಿದರು, ಮತ್ತೆ ಕರೆಸಿದರು. ಮೆಲನೋಮ ಎಂದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳೇ ಕೆಟ್ಟು ಬೆಳೆಯುವ ಕ್ಯಾನ್ಸರಂತೆ. ಬಿಸಿಲಿಗೂ ಏಟಿಗೂ ಸಂಬಂಧವಿಲ್ಲದೆ ಉಗುರಿನ ಕೆಳಗೂ ಹುಟ್ಟುತ್ತದಂತೆ. ಎಷ್ಟು ದಿನದಿಂದ ಇದೆ ಎಂದು ಕೇಳಿದರು. ಮಾರ್ಚಿನಿಂದ ಎಂದೆವು. ಅಲ್ಲಿನ ಡಾಕ್ಟರು ಕಾಗದದಿಂದ ತಲೆಯೆತ್ತಿ ನಮ್ಮನ್ನು ನೋಡಿ, ಬರೆದುಕೊಂಡರು. ಡಿಸೆಂಬರಿನಲ್ಲಿ ಹೆಬ್ಬೆರಳು ತೆಗೆದರು. ಕಂಕುಳಿನ ಗಂಟಿಗೂ ಅದು ಹಬ್ಬಿತ್ತು.

ಗಾಯ ಮಾಗಿದ ಮೇಲೆ ಮೇಸ್ತ್ರಿ ಶೆಡ್ಡಿಗೆ ಬಂದರು. ತೋರುಬೆರಳಿಗೂ ನಡುಬೆರಳಿಗೂ ನಡುವೆ ಉಳಿ ಸಿಕ್ಕಿಸಿ ನಾಲ್ಕು ಏಟು ಹೊಡೆದರು. ಉಳಿ ತಿರುಗಿಕೊಂಡಿತು. ಮತ್ತೆ ಸಿಕ್ಕಿಸಿದರು, ಮತ್ತೆ ತಿರುಗಿತು. ಮೂರನೆಯ ಸಲ ಅದನ್ನು ಒರೆಸಿ ನನ್ನ ಪೆಟ್ಟಿಗೆಯಲ್ಲಿಟ್ಟು ಮಗುಚಿದ ಡಬ್ಬದ ಮೇಲೆ ಕೂತರು. ಉಳಿದ ಕಂಬಗಳನ್ನು ನಾನು ಕೆತ್ತಿದೆ, ಅವರು ಹೇಳಿದಂತೆ.

"ಕಂಬದ ಕತ್ತು ದಪ್ಪ ಆಯ್ತು."

"ಹೋಟೆಲಿನವರಿಗೆ ಗೊತ್ತಾಗಲ್ಲ ಮೇಸ್ತ್ರಿ."

"ನಂಗೆ ಗೊತ್ತಾಗುತ್ತಲ್ಲ."

ಹೋಟೆಲಿನವರಿಗೆ ನಿಜಕ್ಕೂ ಗೊತ್ತಾಗಲಿಲ್ಲ. ಔಷಧಿ ಒಂದು ಬೇಸಿಗೆ ಕೆಲಸ ಮಾಡಿತು. ಮೇಸ್ತ್ರಿ ಮತ್ತೆ ಚರ್ಚಿನಲ್ಲಿ ಹಾಡಿದರು, ಅಂಜೂರದ ಮರ ಸವರಿದರು. ಚಳಿಗಾಲಕ್ಕೆ ಅದು ಶ್ವಾಸಕೋಶಕ್ಕೆ ಇಳಿಯಿತು. ನೋಡಲು ಹೋದಾಗ ಎದೆಯ ಮೇಲೆ ಗೆಣ್ಣಿನಿಂದ ಎರಡು ಸಲ ತಟ್ಟಿಕೊಂಡು, "ಕೆಮ್ಮುತ್ತೆ, ಪಕ್ಕಕ್ಕಿಡು," ಎಂದರು. ನಾನು ನಗಬೇಕಿತ್ತು, ಅವರು ನನಗಾಗಿಯೇ ಹೇಳಿದ್ದು. ಏಪ್ರಿಲಿನಲ್ಲಿ ತೀರಿಕೊಂಡರು. ಅರವತ್ತಕ್ಕೆ ಮೂರು ತಿಂಗಳು ಕಮ್ಮಿ.

ಗೋಡೆಗೆ ಶಿಮೆ ಸುಣ್ಣ ಹೊಡೆದ. ಈಗ ಏಟು ಬಿದ್ದದ್ದನ್ನು ಕಣ್ಣಾರೆ ಕಂಡವರಿದ್ದರೆ ಮಾತ್ರ ತಾರೀಕು ಬರೆಯುತ್ತಾರೆ, ಕಂಡವರಿಲ್ಲದ ಕಪ್ಪು ನೇರ ಡಾಕ್ಟರ ಹತ್ತಿರ ಹೋಗುತ್ತದೆ. ಹಾಡು ಕಟ್ಟುವುದನ್ನೂ ಅವನು ಬಿಟ್ಟಿದ್ದಾನೆ. ಆ ಗುಂಪಿನಲ್ಲಿ ಎಲ್ಲರಿಗಿಂತ ಮುಪ್ಪಾದದ್ದು ಅವನೇ.

ಚರ್ಚಿನಲ್ಲಿ ಮೇಸ್ತ್ರಿಯ ಮೂವತ್ತನೆಯ ದಿನದ ಪೂಜೆ ಮುಗಿದ ಮೇಲೆ ನಾನು ಅವರ ಮನೆಗೆ ಹೋದೆ. ಮೇಸ್ತ್ರಿಯ ಹೆಂಡತಿ ಪೆರಿನಾರನ್ನು ತೇತಾ ಎಂದು ಕರೆಯುತ್ತೇನೆ, ಸ್ವಂತ ಅತ್ತೆಯನ್ನು ಕರೆದಂತೆ. ಕೇಳದೆಯೇ ತಟ್ಟೆಗೆ ಬೇಯಿಸಿದ ಸೊಪ್ಪು, ಆಲೂಗೆಡ್ಡೆ ಬಡಿಸಿ ಎಣ್ಣೆ ಸುರಿದರು. ಒಂದೂವರೆ ವರ್ಷದಿಂದ ಹೊತ್ತುಕೊಂಡಿದ್ದನ್ನು ಇಳಿಸಲು ಹೋಗಿದ್ದೆ.

"ತೇತಾ, ಜೂನಲ್ಲೇ ನಾನು ಬಾಯಿ ಬಿಟ್ಟಿದ್ರೆ ಐದು ತಿಂಗಳು ಸಿಕ್ತಿತ್ತು. ಡಾಕ್ಟರ್ ನೆವೆಂಕಾನ ಕೇಳ್ದೆ. ಅಷ್ಟು ಸಿಕ್ಕಿದ್ರೆ ಉಳೀತಿದ್ರಾ ಅಂತ. ಹೇಳಕ್ಕಾಗಲ್ಲ ಅಂದ್ರು. ಬೇಗ ಬಂದಷ್ಟೂ ಒಳ್ಳೇದಿತ್ತು, ಅಷ್ಟು ಮಾತ್ರ ಹೇಳ್ತೀನಿ ಅಂದ್ರು."

ಪೆರಿನಾ ಚಮಚ ಕೆಳಗಿಟ್ಟರು.

"ಮಾರ್ಚಿಂದೂ ನಿಂದಲ್ಲ," ಎಂದರು.

"ಅದು ನಂದೇ ತೇತಾ. ಸುತ್ತಿಗೆ ಜಾರಿದ್ದು ನಾನೇ ನೋಡ್ದೆ."

"ಜಾರಿರ್ಬಹುದು. ಗೆರೆ ಅದಕ್ಕೂ ಮುಂಚೆ ಇತ್ತು. ನೀನು ಕೆಲ್ಸಕ್ಕೆ ಬರೋ ಮುಂಚೆ. ನನ್ನ ತಮ್ಮನ ಮಗೂಗೆ ದೀಕ್ಷಾಸ್ನಾನ ಇತ್ತು, ಇವ್ರು ಕೋಟು ಹಾಕ್ಕೊಂಡು ಕೂತಿದ್ರು. ಕೈ ಶುದ್ಧ ಮಾಡ್ತೀನಿ ಕೊಡಿ ಅಂದೆ. ಹೆಬ್ಬೆರಳಲ್ಲಿ ಸೀಸದ ಕಡ್ಡೀಲಿ ಎಳೆದ ಹಾಗೆ ಸಣ್ಣ ಗೆರೆ. ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಹೋಗ್ಲಿಲ್ಲ. ಉಳಿ ಹಿಡಿಯೋ ಕೈ ಪಾದ್ರಿ ಕೈ ಥರ ಇರುತ್ತಾ ಅಂತ ಎಳ್ಕೊಂಡ್ರು."

ಹೊರಗೆ ಯಾರೋ ಮೆಟ್ಟಿಲಿಳಿದು ಹೋದರು. ಪೆರಿನಾ ಎದ್ದು ಕಿಟಕಿ ಮುಚ್ಚಿ ಬಂದು ಕೂತರು.

"ಆಗಾಗ ನೋಡ್ತಿದ್ದೆ. ಒಂಥರಾ ಆಗ್ತಿತ್ತು. ಆಮೇಲೆ ನೀನು ಹೊಡ್ದೆ ಅಂತ ನಗ್ತಾ ಬಂದ್ರು. ನಂಗೂ ನೆಮ್ಮದಿ ಆಯ್ತು ಡಿನ್ಕೊ. ಗೆರೆಗೊಂದು ಕಾರಣ ಸಿಕ್ತಲ್ಲ ಅಂತ."

"ಅವ್ರಿಗೆ ಹೇಳಿದ್ರಾ?"

"ಯಾವಾಗ ಹೇಳ್ಲಿ? ಬೆರಳು ತೆಗೆದ ಮೇಲಾ?"

ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಎಲ್ಲ ನನ್ನದೇ ಎಂದು ಹೇಳಲು ಬಾಯಿ ತೆರೆದೆ. ನನ್ನ ಹಳೆಯ ಚಾಳಿ ಮತ್ತೆ ನಾಲಿಗೆಗೆ ಬರುತ್ತಿದೆ ಎಂದು ಹೊಳೆದು ಮುಚ್ಚಿದೆ.

"ತಣ್ಣಗಾಗುತ್ತೆ, ತಿನ್ನು," ಎಂದರು ಪೆರಿನಾ.

ತಿಂದೆವು. ಸೊಪ್ಪಿಗೆ ಉಪ್ಪು ಹಾಕುವುದನ್ನು ಅವರು ಮರೆತಿದ್ದರು. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.